ಪಟ್ಟಿಯಲ್ಲೇ ಇಲ್ಲದವನು ಚಾಂಪಿಯನ್ ಆದಾಗ: ಸ್ನೂಕರ್ ರ‍್ಯಾಂಕಿಂಗ್ ಹೇಗೆ ಕೆಲಸ ಮಾಡುತ್ತೆ?

2025ರ ಮೇ 5ನೇ ತಾರೀಕು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕ್ರೂಸಿಬಲ್ ಥಿಯೇಟರ್‌ನಲ್ಲಿ ಚೀನಾದ ಝಾವೊ ಶಿನ್‌ಟಾಂಗ್ ಸ್ನೂಕರ್ ವಿಶ್ವ ಚಾಂಪಿಯನ್ ಆದ. ಫೈನಲ್‌ನಲ್ಲಿ ವೇಲ್ಸ್‌ನ ಮಾರ್ಕ್ ವಿಲಿಯಮ್ಸ್ ಅವರನ್ನ 18–12ರಿಂದ ಸೋಲಿಸಿದ. ಈ ಕಿರೀಟ ಏಷ್ಯಾದ ಆಟಗಾರನಿಗೆ ಸಿಕ್ಕಿದ್ದು ಅದೇ ಮೊದಲು. ಗೆದ್ದ ದುಡ್ಡು 5 ಲಕ್ಷ ಪೌಂಡ್, ಅಂದ್ರೆ ಆಗಿನ ಲೆಕ್ಕದಲ್ಲಿ ಐದೂವರೆ ಕೋಟಿ ರೂಪಾಯಿಗಿಂತ ಜಾಸ್ತಿ.

ಇದ್ರಲ್ಲಿ ವಿಚಿತ್ರ ಏನು ಗೊತ್ತಾ? ಆ ಟೂರ್ನಿ ಶುರುವಾದಾಗ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಝಾವೊ ಹೆಸರು ಕೆಳಗೆಲ್ಲೋ ಇತ್ತು ಅಂತಲ್ಲ, ಹೆಸರೇ ಇರಲಿಲ್ಲ. ಅವನು ಅವತ್ತು ಲೆಕ್ಕಕ್ಕೆ ಅಮೆಚೂರ್. ಜಗತ್ತಿನ ನೂರಕ್ಕೂ ಹೆಚ್ಚು ಪ್ರೊಫೆಷನಲ್‌ಗಳಿಗೆ ನಂಬರ್ ಕೊಟ್ಟಿದ್ದ ಪಟ್ಟಿ, ಆ 17 ದಿನ ಜಗತ್ತಿನಲ್ಲೇ ಚೆನ್ನಾಗಿ ಆಡಿದವನಿಗೆ ಒಂದು ನಂಬರನ್ನೂ ಕೊಟ್ಟಿರಲಿಲ್ಲ.

ಹಾಗಾದ್ರೆ ಆ ಪಟ್ಟಿ ತಪ್ಪಾ? ಅಥವಾ ನಾವು ಅದನ್ನ ಓದೋ ರೀತಿ ತಪ್ಪಾ? ಎಸ್‌ಎಸ್‌ಎಲ್‌ಸಿಯಿಂದ ಸಿಇಟಿವರೆಗೆ, ಸಿಇಟಿಯಿಂದ ಸಿಜಿಪಿಎವರೆಗೆ ನಂಬರ್‌ಗಳ ಮಧ್ಯಾನೇ ಬೆಳೆದಿರೋ ನಮ್ಗೆ ಈ ಪ್ರಶ್ನೆ ಸ್ವಲ್ಪ ಹತ್ತಿರದ್ದು. ಅದಕ್ಕೇ ಈ ಲೇಖನದಲ್ಲಿ ಒಂದು ಟೂರ್ನಿಯ ಫಲಿತಾಂಶವನ್ನ ಇಟ್ಕೊಂಡು, ಅದರ ಹಿಂದಿನ ರ‍್ಯಾಂಕಿಂಗ್ ಯಂತ್ರದ ಮುಚ್ಚಳ ತೆಗೆದು ನೋಡೋಣ.

ಆಟ ಗೊತ್ತಿಲ್ಲದವರಿಗೆ ಎರಡು ನಿಮಿಷ

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರ ಹೊತ್ತಿಗೆ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಬಿಲಿಯರ್ಡ್ಸ್ ಟೇಬಲ್ ಮೇಲೆ ಇನ್ನಷ್ಟು ಬಣ್ಣದ ಚೆಂಡು ಸೇರಿಸಿ ಆಡೋಕೆ ಶುರು ಮಾಡಿದ್ರು ಅಂತ ಸಾಮಾನ್ಯವಾಗಿ ಹೇಳ್ತಾರೆ. ಆಮೇಲೆ ನಮ್ಮ ಪಕ್ಕದ ಊಟಿ ಕ್ಲಬ್‌ನಲ್ಲಿ ಅದರ ನಿಯಮಗಳು ಗಟ್ಟಿಯಾದವು.

ಟೇಬಲ್ ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ಅದರ ಮೇಲೆ 15 ಕೆಂಪು ಚೆಂಡು, 6 ಬೇರೆ ಬಣ್ಣದ ಚೆಂಡು, ಹೊಡೆಯೋಕೆ ಒಂದು ಬಿಳಿ ಚೆಂಡು. ಕೆಂಪಿಗೆ 1 ಪಾಯಿಂಟ್. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಬಣ್ಣದ ಚೆಂಡು ಪಾಕೆಟ್‌ಗೆ ಬಿದ್ರೆ ವಾಪಸ್ ಟೇಬಲ್ ಮೇಲೆ ಬರುತ್ತೆ, ಕೆಂಪು ಬರಲ್ಲ. ಕೆಂಪೆಲ್ಲ ಮುಗಿದ ಮೇಲೆ ಆರು ಬಣ್ಣಗಳನ್ನ ಹಳದಿಯಿಂದ ಕಪ್ಪಿನವರೆಗೆ ಕ್ರಮವಾಗಿ ಹಾಕಬೇಕು. ಪ್ರತಿ ಕೆಂಪಿನ ಜೊತೆ ಕಪ್ಪನ್ನೇ ಹಾಕ್ತಾ ಹೋದ್ರೆ 15 × 8 = 120, ಕೊನೆಗೆ ಆರು ಬಣ್ಣದ 27, ಒಟ್ಟು 147. ಇದೇ ಆ ಪ್ರಸಿದ್ಧ ಮ್ಯಾಕ್ಸಿಮಮ್ ಬ್ರೇಕ್.

ಹೀಗೆ ಎಲ್ಲ ಚೆಂಡು ಖಾಲಿಯಾಗೋವರೆಗೆ, ಅಥವಾ ಒಬ್ಬ ಸೋಲೊಪ್ಪೋವರೆಗೆ ಆಡೋದು ಒಂದು ಫ್ರೇಮ್. ಇಂಥ ಫ್ರೇಮ್‌ಗಳಲ್ಲಿ ಮೊದಲು ಇಷ್ಟು ಗೆದ್ದವನು ಮ್ಯಾಚ್ ಗೆದ್ದ ಹಾಗೆ. ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಮೊದಲು 18 ಫ್ರೇಮ್ ಗೆಲ್ಲಬೇಕು. ಅದನ್ನ ಎರಡು ದಿನ, ನಾಲ್ಕು ಸೆಷನ್‌ಗಳಲ್ಲಿ ಆಡ್ತಾರೆ. ಟೆಸ್ಟ್ ಮ್ಯಾಚ್ ಥರ ಅಂದ್ಕೊಳ್ಳಿ.

ರ‍್ಯಾಂಕಿಂಗ್ ಟೂರ್ನಿ ಅಂದ್ರೆ?

ಎಲ್ಲ ಟೂರ್ನಿಗಳೂ ರ‍್ಯಾಂಕಿಂಗ್ ಟೂರ್ನಿಗಳಲ್ಲ. ವ್ಯತ್ಯಾಸ ಇಷ್ಟೇ: ರ‍್ಯಾಂಕಿಂಗ್ ಟೂರ್ನಿಯಲ್ಲಿ ಗೆದ್ದ ಬಹುಮಾನದ ದುಡ್ಡು ನಿಮ್ಮ ವಿಶ್ವ ರ‍್ಯಾಂಕಿಂಗ್ ಖಾತೆಗೂ ಜಮಾ ಆಗುತ್ತೆ. ಬೇರೆ ಟೂರ್ನಿಯ ದುಡ್ಡು ಬ್ಯಾಂಕ್ ಖಾತೆಗೆ ಮಾತ್ರ ಹೋಗುತ್ತೆ.

ಉದಾಹರಣೆಗೆ ಲಂಡನ್ನಿನಲ್ಲಿ ನಡೆಯೋ ಮಾಸ್ಟರ್ಸ್. ಅದಕ್ಕೆ ಮೊದಲ 16 ರ‍್ಯಾಂಕಿನವರಿಗೆ ಮಾತ್ರ ಆಹ್ವಾನ, ತುಂಬ ಪ್ರತಿಷ್ಠೆಯ ಟೂರ್ನಿ. 2025ರ ಜನವರಿಯಲ್ಲಿ ಅದನ್ನ ಗೆದ್ದದ್ದು ಶಾನ್ ಮರ್ಫಿ. ಫೈನಲ್‌ನಲ್ಲಿ ಕೈರನ್ ವಿಲ್ಸನ್ ವಿರುದ್ಧ 10–7, ಬಹುಮಾನ 3.5 ಲಕ್ಷ ಪೌಂಡ್. ಆದ್ರೆ ರ‍್ಯಾಂಕಿಂಗ್‌ಗೆ ಸೇರಿದ್ದು ಸೊನ್ನೆ! ಯಾಕಂದ್ರೆ ಅದು ಆಹ್ವಾನಿತರ ಟೂರ್ನಿ. 16 ಜನರಿಗೆ ಮಾತ್ರ ಬಾಗಿಲು ತೆಗೆದು, ಅಲ್ಲಿನ ದುಡ್ಡನ್ನ ಎಲ್ಲರ ರ‍್ಯಾಂಕಿಂಗ್ ಲೆಕ್ಕಕ್ಕೆ ಹಾಕಿದ್ರೆ ಉಳಿದವರಿಗೆ ಅನ್ಯಾಯ ಅಲ್ವಾ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮಾಸ್ಟರ್ಸ್ ಅನ್ನೋದು ಹ್ಯಾಕಥಾನ್ ಗೆದ್ದ ಹಾಗೆ. ದುಡ್ಡೂ ಬರುತ್ತೆ, ಹೆಸರೂ ಬರುತ್ತೆ, ಸಿಜಿಪಿಎ ಮಾತ್ರ ಎಲ್ಲಿತ್ತೋ ಅಲ್ಲೇ.

ಈ ಪಟ್ಟಿ ಶುರುವಾದದ್ದು 1976–77ರ ಸೀಸನ್‌ನಲ್ಲಿ. ಆಗ ಹಿಂದಿನ ಮೂರು ವಿಶ್ವ ಚಾಂಪಿಯನ್‌ಶಿಪ್‌ಗಳ ಫಲಿತಾಂಶ ನೋಡಿ ಪಾಯಿಂಟ್ ಕೊಡ್ತಿದ್ರು. ಕಾಲ ಕಳೆದ ಹಾಗೆ ಟೂರ್ನಿಗಳು ಜಾಸ್ತಿಯಾದವು, ಪಾಯಿಂಟ್ ಟೇಬಲ್‌ಗಳು ಉದ್ದವಾದವು. 2014ರಲ್ಲಿ ಪಾಯಿಂಟ್ ಪದ್ಧತಿಯನ್ನೇ ಕೈಬಿಟ್ಟು ನೇರವಾಗಿ ದುಡ್ಡಿಗೆ ಬಂದರು. ಈಗ ಒಂದು ಪೌಂಡ್ ಅಂದ್ರೆ ಒಂದು ಪಾಯಿಂಟ್. ಯಾರಿಗೂ ಕ್ಯಾಲ್ಕುಲೇಟರ್ ಬೇಡ.

ಎರಡು ವರ್ಷದ ಕಿಟಕಿ

ಇಲ್ಲಿಂದ ಸ್ವಲ್ಪ ಗಮನ ಕೊಡಿ, ಯಾಕಂದ್ರೆ ಇಡೀ ವಿಷಯದ ತಿರುಳು ಇಲ್ಲಿದೆ.

ರ‍್ಯಾಂಕಿಂಗ್ ಅಂದ್ರೆ ಕಳೆದ ಎರಡು ವರ್ಷದಲ್ಲಿ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಗಳಿಸಿದ ದುಡ್ಡಿನ ಮೊತ್ತ. ಸರಾಸರಿ ಅಲ್ಲ, ಮೊತ್ತ. ಹೊಸ ಟೂರ್ನಿ ಮುಗಿದ ಕೂಡಲೇ ಅದರ ದುಡ್ಡು ಒಳಗೆ ಬರುತ್ತೆ, ಎರಡು ವರ್ಷದ ಹಿಂದೆ ಅದೇ ಹೊತ್ತಿನಲ್ಲಿ ಗಳಿಸಿದ್ದು ಹೊರಗೆ ಹೋಗುತ್ತೆ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಕ್ಯೂ. ಮೊದಲು ಬಂದದ್ದು ಮೊದಲು ಹೋಗುತ್ತೆ. ಸಿಗ್ನಲ್ಸ್ ಓದಿದವರಿಗೆ ಇದು ಸ್ಲೈಡಿಂಗ್ ವಿಂಡೋ.

ಇದರ ಪರಿಣಾಮ ಎಷ್ಟು ಕಠಿಣ ಅಂತ ತಿಳ್ಕೊಳ್ಳೋಕೆ ಬೆಲ್ಜಿಯಂನ ಲೂಕಾ ಬ್ರೆಸೆಲ್ ಉದಾಹರಣೆ ಸಾಕು. 2023ರಲ್ಲಿ ಬ್ರೆಸೆಲ್ ಫೈನಲ್‌ನಲ್ಲಿ ಮಾರ್ಕ್ ಸೆಲ್ಬಿಯನ್ನ 18–15ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಖಾತೆಗೆ 5 ಲಕ್ಷ ಪೌಂಡ್ ಬಂತು. ಎರಡು ವರ್ಷ ಆ ದೊಡ್ಡ ಮೊತ್ತ ಅವನನ್ನ ಮೇಲೆ ಹಿಡಿದಿಟ್ಟಿತ್ತು. 2025ರಲ್ಲಿ ಅದೇ ಕ್ರೂಸಿಬಲ್‌ನಲ್ಲಿ ಅವನು ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಜಡ್ ಟ್ರಂಪ್ ಎದುರು 8–13ರಿಂದ ಸೋತ. ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಎಂಟರಲ್ಲಿ ಒಬ್ಬ ಆಗೋದು ಸಣ್ಣ ಸಾಧನೆಯಲ್ಲ. ಆದ್ರೆ ಲೆಕ್ಕ ನೋಡಿ:

ಒಳಗೆ ಬಂದದ್ದು: 50,000
ಹೊರಗೆ ಹೋದದ್ದು: 5,00,000
ಒಟ್ಟು ಬದಲಾವಣೆ: 4,50,000 ಇಳಿಕೆ

ಚೆನ್ನಾಗಿ ಆಡಿ, ಕ್ವಾರ್ಟರ್ ಫೈನಲ್ ತಲುಪಿ, ಟೂರ್ನಿ ಮುಗಿಯೋ ಹೊತ್ತಿಗೆ ಬ್ರೆಸೆಲ್ ಮೊದಲ 16ರಿಂದ ಆಚೆ ಬಿದ್ದಿದ್ದ. ಅದಕ್ಕೇ ಸ್ನೂಕರ್ ಫಲಿತಾಂಶ ಓದುವಾಗ ಈ ವರ್ಷದ್ದಷ್ಟೇ ನೋಡಿದ್ರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತೆ. ಎರಡು ವರ್ಷದ ಹಿಂದೆ ಅದೇ ಆಟಗಾರ ಅಲ್ಲೇ ಏನು ಮಾಡಿದ್ದ ಅನ್ನೋದು ಉಳಿದರ್ಧ.

ನಮ್ಮ ಸಿಜಿಪಿಎ ಇದಕ್ಕೆ ತದ್ವಿರುದ್ಧ. ಮೊದಲ ಸೆಮಿಸ್ಟರ್‌ನ ಮ್ಯಾಥ್ಸ್ ಮಾರ್ಕ್ಸು ಎಂಟನೇ ಸೆಮಿಸ್ಟರ್‌ವರೆಗೂ ಬೆನ್ನ ಮೇಲಿನ ಬೇತಾಳದ ಥರ ಜೊತೆಗೇ ಬರುತ್ತೆ. ಸ್ನೂಕರ್ ಪಟ್ಟಿ ಹಾಗಲ್ಲ, ಅದು ಮರೆಯುತ್ತೆ. ನಿಮ್ಮ ಸೋಲನ್ನೂ ಮರೆಯುತ್ತೆ, ಗೆಲುವನ್ನೂ ಮರೆಯುತ್ತೆ.

ದುಡ್ಡು ಹಂಚೋ ರೀತಿ

2025ರ ವಿಶ್ವ ಚಾಂಪಿಯನ್‌ಶಿಪ್‌ನ ಒಟ್ಟು ಬಹುಮಾನ 23.95 ಲಕ್ಷ ಪೌಂಡ್. ಅದನ್ನ ಹಂಚಿದ್ದು ಹೀಗೆ:

ಚಾಂಪಿಯನ್: 5,00,000
ಫೈನಲ್‌ನಲ್ಲಿ ಸೋತವರಿಗೆ: 2,00,000
ಸೆಮಿಫೈನಲ್: 1,00,000
ಕ್ವಾರ್ಟರ್ ಫೈನಲ್: 50,000
ಕೊನೆಯ 16: 30,000
ಕೊನೆಯ 32: 20,000
ಅರ್ಹತೆಯ ನಾಲ್ಕನೇ ಸುತ್ತು: 15,000
ಮೂರನೇ ಸುತ್ತು: 10,000
ಎರಡನೇ ಸುತ್ತು: 5,000
ಮೊದಲ ಸುತ್ತು: 0

ಇದರ ಜೊತೆ ಅತಿ ದೊಡ್ಡ ಬ್ರೇಕ್‌ಗೆ 15,000. (ಕುತೂಹಲ ಇದ್ರೆ ಪ್ರತಿ ಸುತ್ತಿನಲ್ಲಿ ಸೋತವರ ಸಂಖ್ಯೆಯಿಂದ ಗುಣಿಸಿ ಕೂಡಿಸಿ ನೋಡಿ. ಕೆಳಗಿಂದ 32, 32, 32, 16, 16, 8, 4, 2, 1, 1. ಸರಿಯಾಗಿ 23.95 ಲಕ್ಷ ಬರುತ್ತೆ.)

ಗ್ರಾಫ್ ಹಾಕಿದ್ರೆ ಮೇಲಿನ ತುದಿಯಲ್ಲಿ ಪ್ರತಿ ಮೆಟ್ಟಿಲಿಗೂ ದುಡ್ಡು ಎರಡು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಆಗುತ್ತೆ. ಅರ್ಹತಾ ಸುತ್ತು ಸೇರಿ 144 ಜನ ಆಡೋ ಟೂರ್ನಿಯಲ್ಲಿ ಒಬ್ಬನೇ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತಗೊಂಡು ಹೋಗ್ತಾನೆ. ದುಡ್ಡೇ ಪಾಯಿಂಟ್ ಆಗಿರೋದ್ರಿಂದ ರ‍್ಯಾಂಕಿಂಗ್ ಕೂಡ ಅಷ್ಟೇ ಓರೆ ಆಗುತ್ತೆ. 2024ರ ಇಂಗ್ಲಿಷ್ ಓಪನ್ ಗೆದ್ದ ನೀಲ್ ರಾಬರ್ಟ್‌ಸನ್‌ಗೆ ಸಿಕ್ಕಿದ್ದು 1 ಲಕ್ಷ ಪೌಂಡ್. ಅಂದ್ರೆ ಅಂಥ ಐದು ಟೂರ್ನಿ ಗೆದ್ರೆ ಒಂದು ವಿಶ್ವ ಚಾಂಪಿಯನ್‌ಶಿಪ್‌ಗೆ ಸಮ. 2024ರಲ್ಲಿ ಸೌದಿ ಅರೇಬಿಯಾದಲ್ಲಿ ಶುರುವಾದ ಹೊಸ ಟೂರ್ನಿಗೂ 5 ಲಕ್ಷ ಪೌಂಡ್ ಬಹುಮಾನ ಇಟ್ಟಿದ್ರು. ಅದನ್ನ ಜಡ್ ಟ್ರಂಪ್ ಗೆದ್ದ. ನಿನ್ನೆ ಮೊನ್ನೆ ಹುಟ್ಟಿದ ಟೂರ್ನಿ, ಆದ್ರೆ ರ‍್ಯಾಂಕಿಂಗ್ ಪಟ್ಟಿಯಲ್ಲಿ 1977ರಿಂದ ಕ್ರೂಸಿಬಲ್‌ನಲ್ಲಿ ನಡೀತಿರೋ ವಿಶ್ವ ಚಾಂಪಿಯನ್‌ಶಿಪ್‌ನಷ್ಟೇ ತೂಕ. ದುಡ್ಡನ್ನ ಅಳತೆಗೋಲು ಮಾಡಿದ ಮೇಲೆ, ಯಾರು ಜಾಸ್ತಿ ದುಡ್ಡು ಹಾಕ್ತಾರೋ ಅವರ ಟೂರ್ನಿ ಜಾಸ್ತಿ ಮುಖ್ಯ ಆಗುತ್ತೆ.

ನಂಬರ್ 16 ಮತ್ತು ನಂಬರ್ 64

ಪಟ್ಟಿಯಲ್ಲಿ ಎರಡು ಗೆರೆಗಳಿವೆ. ಎರಡೂ ಆಟಗಾರರ ನಿದ್ದೆ ಕೆಡಿಸೋ ಗೆರೆಗಳು.

ಮೊದಲನೇದು 16. ಇದರ ಒಳಗಿದ್ರೆ ವಿಶ್ವ ಚಾಂಪಿಯನ್‌ಶಿಪ್‌ನ ಮುಖ್ಯ ಸುತ್ತಿಗೆ ನೇರ ಪ್ರವೇಶ, ಮಾಸ್ಟರ್ಸ್‌ಗೆ ಆಹ್ವಾನ. 17ನೇ ರ‍್ಯಾಂಕ್ ಬಂದ್ರೆ ಅರ್ಹತಾ ಸುತ್ತು ಆಡಬೇಕು. ಕ್ರೂಸಿಬಲ್‌ಗೆ ಬರೋ ಕೊನೆಯ ಅರ್ಹತಾ ಸುತ್ತಿಗೆ 'ಜಡ್ಜ್‌ಮೆಂಟ್ ಡೇ' ಅಂತಾನೇ ಹೆಸರು. ಆ ಹೆಸರು ಸುಮ್ನೆ ಬಂದದ್ದಲ್ಲ.

ಎರಡನೇದು 64. ಸೀಸನ್ ಮುಗಿದಾಗ ಮೊದಲ 64ರಲ್ಲಿ ಇದ್ರೆ ನಿಮ್ಮ ಟೂರ್ ಕಾರ್ಡ್ ಉಳಿಯುತ್ತೆ. ಟೂರ್ ಕಾರ್ಡ್ ಅಂದ್ರೆ ಪ್ರೊಫೆಷನಲ್ ಆಗಿ ಎಲ್ಲ ಟೂರ್ನಿ ಆಡೋ ಹಕ್ಕು. ಹೊಸಬರಿಗೆ ಈ ಕಾರ್ಡ್ ಎರಡು ವರ್ಷಕ್ಕೆ ಕೊಡ್ತಾರೆ, ಸೊನ್ನೆಯಿಂದ ಶುರು. ಎರಡು ವರ್ಷದೊಳಗೆ 64ರ ಒಳಗೆ ಬರದಿದ್ರೆ ಮತ್ತೆ ಕ್ಯೂ ಸ್ಕೂಲ್ ಅನ್ನೋ ಪ್ರವೇಶ ಟೂರ್ನಿ ಆಡಿ ಗೆದ್ದು ಬರಬೇಕು, ಬಂದ್ರೂ ಮತ್ತೆ ಸೊನ್ನೆಯಿಂದ. ಇಲ್ಲಿ ಸಪ್ಲಿಮೆಂಟರಿ ಇದೆ, ಆದ್ರೆ ಹಳೇ ಮಾರ್ಕ್ಸ್ ಯಾವುದೂ ಉಳಿಯಲ್ಲ.

ಈಗ ಯೋಚನೆ ಮಾಡಿ. ವಿಶ್ವ ಚಾಂಪಿಯನ್‌ಶಿಪ್ ಸೀಸನ್‌ನ ಕೊನೆಯ ಟೂರ್ನಿ. ಟಿವಿಯಲ್ಲಿ ಝಾವೊ, ಓಸಲಿವನ್, ಟ್ರಂಪ್ ಕಾಣಿಸ್ತಾರೆ. ಅದಕ್ಕೂ ಎರಡು ವಾರ ಮೊದಲು ಅರ್ಹತಾ ಸುತ್ತಿನಲ್ಲಿ 60–70ರ ಆಸುಪಾಸಿನ ರ‍್ಯಾಂಕಿನ ಆಟಗಾರನೊಬ್ಬ ಹತ್ತೋ ಹನ್ನೆರಡೋ ಜನ ಪ್ರೇಕ್ಷಕರ ಮುಂದೆ 9–9ರಲ್ಲಿ ನಿಂತಿರ್ತಾನೆ. ಆ ಒಂದು ಫ್ರೇಮ್ ಗೆದ್ರೆ 5,000 ಪೌಂಡ್ ಜಾಗದಲ್ಲಿ ಕನಿಷ್ಠ 10,000. ಆ ವ್ಯತ್ಯಾಸ 64ರ ಒಳಗೆ ತಳ್ಳಬಹುದು, ಅಂದ್ರೆ ಮುಂದಿನ ವರ್ಷದ ಕೆಲಸ ಉಳೀತು. ಸೋತರೆ ಕೆಲಸ ಹೋಯ್ತು. ಟೂರ್ನಿಯ ಅತಿ ದೊಡ್ಡ ಫ್ರೇಮ್ ಎಷ್ಟೋ ಸಲ ಫೈನಲ್‌ನಲ್ಲಿ ಇರಲ್ಲ.

ಪ್ರಯಾಣ, ಹೋಟೆಲ್, ಅಭ್ಯಾಸದ ಟೇಬಲ್ ಖರ್ಚೆಲ್ಲ ಸಾಮಾನ್ಯವಾಗಿ ಆಟಗಾರನದ್ದೇ. ಕೆಳಗಿನ ರ‍್ಯಾಂಕಿನವರ ಕಷ್ಟ ನೋಡಿ 2022–23ರ ಸೀಸನ್‌ನಲ್ಲಿ ಪ್ರತಿ ಪ್ರೊಫೆಷನಲ್‌ಗೂ ಕನಿಷ್ಠ 20,000 ಪೌಂಡ್ ಗಳಿಕೆಯ ಖಾತರಿ ಕೊಡೋ ಯೋಜನೆ ತಂದರು. ಅಂಥ ಖಾತರಿ ಬೇಕಾಯ್ತು ಅನ್ನೋದೇ ಕೆಳಗಿನ ಅರ್ಧ ಪಟ್ಟಿಯ ಪರಿಸ್ಥಿತಿ ಹೇಳುತ್ತೆ.

ಹೆಸರಿಲ್ಲದ ಝಾವೊ

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಝಾವೊ ಪಟ್ಟಿಯಲ್ಲಿ ಯಾಕಿರಲಿಲ್ಲ?

ಅವನು ಹೊಸಬ ಅಲ್ಲ. 2021ರ ಯುಕೆ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಇದೇ ಬ್ರೆಸೆಲ್‌ನ 10–5ರಿಂದ ಸೋಲಿಸಿದ್ದ. 2022ರ ಜರ್ಮನ್ ಮಾಸ್ಟರ್ಸ್ ಫೈನಲ್ 9–0ರಿಂದ ಗೆದ್ದಿದ್ದ. ಆದ್ರೆ 2023ರ ಜನವರಿಯಲ್ಲಿ ಮ್ಯಾಚ್ ಫಿಕ್ಸಿಂಗ್ ತನಿಖೆಯಲ್ಲಿ ಅಮಾನತಾದ ಹತ್ತು ಚೀನೀ ಆಟಗಾರರಲ್ಲಿ ಅವನೂ ಒಬ್ಬ. ತನ್ನ ಮ್ಯಾಚ್‌ಗಳನ್ನ ಅವನು ಫಿಕ್ಸ್ ಮಾಡಿರಲಿಲ್ಲ. ಇನ್ನೊಬ್ಬ ಆಟಗಾರನ ಫಿಕ್ಸಿಂಗ್‌ನಲ್ಲಿ ಭಾಗಿಯಾದದ್ದು, ಸ್ನೂಕರ್ ಮೇಲೆ ಬೆಟ್ ಕಟ್ಟಿದ್ದು ಅವನ ಮೇಲಿದ್ದ ಆರೋಪ, ಅದನ್ನ ಒಪ್ಕೊಂಡ. 20 ತಿಂಗಳ ನಿಷೇಧ ಆಯ್ತು, 2024ರ ಸೆಪ್ಟೆಂಬರ್ 1ರವರೆಗೆ. ಅಷ್ಟರಲ್ಲಿ ಟೂರ್ ಕಾರ್ಡೂ ಹೋಗಿತ್ತು.

ವಾಪಸ್ ಬಂದ ಮೇಲೆ ಕ್ಯೂ ಟೂರ್ ಅನ್ನೋ ಅಮೆಚೂರ್ ಸರಣಿ ಆಡಿದ. ಅದರಲ್ಲಿ ಮೇಲೆ ನಿಂತು 2025–26ರ ಸೀಸನ್‌ಗೆ ಕಾರ್ಡ್ ಗಳಿಸಿದ. ಅಂದ್ರೆ 2025ರ ಏಪ್ರಿಲ್‌ನಲ್ಲಿ ಅವನು ಇನ್ನೂ ಅಮೆಚೂರೇ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅರ್ಹತೆಯ ಮೊದಲನೇ ಸುತ್ತಿನಿಂದ, ಸೋತರೆ ಸೊನ್ನೆ ಪೌಂಡ್ ಸಿಗೋ ಜಾಗದಿಂದ ಶುರು ಮಾಡಿದ. ನಾಲ್ಕು ಅರ್ಹತಾ ಮ್ಯಾಚ್ ಗೆದ್ದ. ಕೊನೆಯದ್ದು ಎಲಿಯಟ್ ಸ್ಲೆಸರ್ ವಿರುದ್ಧ 10–8. ಆಮೇಲೆ ಕ್ರೂಸಿಬಲ್‌ನಲ್ಲಿ:

ಮೊದಲ ಸುತ್ತು: ಹಿಂದಿನ ವರ್ಷದ ಫೈನಲಿಸ್ಟ್ ಜಾಕ್ ಜೋನ್ಸ್ ವಿರುದ್ಧ 10–4
ಎರಡನೇ ಸುತ್ತು: ಲೇ ಪೇಫಾನ್ ವಿರುದ್ಧ 13–10
ಕ್ವಾರ್ಟರ್ ಫೈನಲ್: ಕ್ರಿಸ್ ವೇಕ್ಲಿನ್ ವಿರುದ್ಧ 13–5
ಸೆಮಿಫೈನಲ್: ರಾನಿ ಓಸಲಿವನ್ ವಿರುದ್ಧ 17–7
ಫೈನಲ್: ಮಾರ್ಕ್ ವಿಲಿಯಮ್ಸ್ ವಿರುದ್ಧ 18–12

ಎರಡನೇ ಸುತ್ತಿನ ಲೇ ಪೇಫಾನ್ ಸಾಮಾನ್ಯನಲ್ಲ. ಮೊದಲ ಸುತ್ತಿನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕೈರನ್ ವಿಲ್ಸನ್‌ನ 10–9ರಿಂದ ಮನೆಗೆ ಕಳಿಸಿದ್ದು ಅವನೇ. ಸೆಮಿಫೈನಲ್ ಅಂತೂ ಕೇಳಬೇಡಿ. ಏಳು ಸಲ ವಿಶ್ವ ಚಾಂಪಿಯನ್ ಆದ ಓಸಲಿವನ್ ವಿರುದ್ಧ ಒಂದು ಸೆಷನ್ ಬಾಕಿ ಇರುವಾಗಲೇ ಮ್ಯಾಚ್ ಮುಗಿಸಿದ. ಓಸಲಿವನ್ ಜನವರಿಯಿಂದ ಒಂದೂ ಮ್ಯಾಚ್ ಆಡದೆ ನೇರ ಕ್ರೂಸಿಬಲ್‌ಗೆ ಬಂದಿದ್ದ ಅನ್ನೋದನ್ನೂ ಹೇಳಬೇಕು, ಆದ್ರೂ 17–7 ಅಂದ್ರೆ 17–7.

ಫೈನಲ್‌ನಲ್ಲಿ ಎದುರಿಗಿದ್ದ ವಿಲಿಯಮ್ಸ್ ಅವರಿಗೆ 50 ವರ್ಷ, ಹೆಚ್ಚುಕಮ್ಮಿ ನಮ್ಮ ಅಪ್ಪಂದಿರ ವಯಸ್ಸು. ಮೂರು ಸಲ ವಿಶ್ವ ಚಾಂಪಿಯನ್ ಆದವರು. ಕ್ರೂಸಿಬಲ್‌ನಲ್ಲಿ ಈ ಟೂರ್ನಿಯ ಫೈನಲ್ ಆಡಿದವರಲ್ಲೇ ಅತಿ ಹಿರಿಯರು. ಸೆಮಿಫೈನಲ್‌ನಲ್ಲಿ ಟ್ರಂಪ್‌ನ 17–14ರಿಂದ ಸೋಲಿಸಿ ಬಂದಿದ್ರು. ಮೊದಲ ದಿನ ಮುಗಿದಾಗ ಝಾವೊ 11–6ರಿಂದ ಮುಂದಿದ್ದ, ಮೂರನೇ ಸೆಷನ್ ಮುಗಿದಾಗ 17–8. ಎಲ್ಲ ಮುಗೀತು ಅನ್ನುವಾಗ ವಿಲಿಯಮ್ಸ್ ಸಾಲಾಗಿ ನಾಲ್ಕು ಫ್ರೇಮ್ ಗೆದ್ದು 17–12 ಮಾಡಿದ್ರು. ಆಮೇಲೆ ಝಾವೊ ತನಗೆ ಬೇಕಾದ ಆ ಒಂದು ಫ್ರೇಮ್ ಮುಗಿಸಿದ.

ಒಂದು ಸಣ್ಣ ಲೆಕ್ಕ. ಮೊದಲ 16ರಲ್ಲಿರೋ ಆಟಗಾರ ಚಾಂಪಿಯನ್ ಆಗೋಕೆ 10 + 13 + 13 + 17 + 18 = 71 ಫ್ರೇಮ್ ಗೆಲ್ಲಬೇಕು. ಝಾವೊ ಅರ್ಹತಾ ಸುತ್ತಿನ 40 ಸೇರಿಸಿ 111 ಫ್ರೇಮ್ ಗೆಲ್ಲಬೇಕಾಯ್ತು. ರ‍್ಯಾಂಕ್ ಇಲ್ಲದ್ದಕ್ಕೆ ಅವನು ಕಟ್ಟಿದ ದಂಡ ಆ 40 ಫ್ರೇಮ್. ಕ್ರೂಸಿಬಲ್‌ನ ಇತಿಹಾಸದಲ್ಲಿ ಹೀಗೆ ಅರ್ಹತಾ ಸುತ್ತಿನಿಂದ ಬಂದು ಗೆದ್ದವರು ಅವನಿಗಿಂತ ಮೊದಲು ಇಬ್ಬರೇ: 1979ರಲ್ಲಿ ಟೆರಿ ಗ್ರಿಫಿತ್ಸ್, 2005ರಲ್ಲಿ ಶಾನ್ ಮರ್ಫಿ.

ಮತ್ತೆ ಪಟ್ಟಿ ಏನು ಮಾಡ್ತು? ಹೊಸ ಸೀಸನ್‌ಗೆ ಝಾವೊ ಪ್ರೊಫೆಷನಲ್ ಆಗಿ ಒಳಗೆ ಬಂದ ಕೂಡಲೇ ಅವನ ರ‍್ಯಾಂಕ್ 11. ಹೆಚ್ಚುಕಮ್ಮಿ ಇದೊಂದೇ ಟೂರ್ನಿಯ ಬಲದಿಂದ! ಉಳಿದವರು ಎರಡು ವರ್ಷ ದೇಶ ದೇಶ ಸುತ್ತಿ ಕೂಡಿಸಿದ್ದನ್ನ ಅವನು ಒಂದೇ ತಿಂಗಳಲ್ಲಿ ದಾಟಿದ್ದ.

ಪಟ್ಟಿಗೆ ಕಾಣದ ನಮ್ಮವರು

ಈ ಪಟ್ಟಿ ತನ್ನ ಟೂರ್ನಿಗಳನ್ನ ಮಾತ್ರ ನೋಡುತ್ತೆ ಅನ್ನೋದಕ್ಕೆ ಬೆಂಗಳೂರಲ್ಲೇ ಒಂದು ದೊಡ್ಡ ಉದಾಹರಣೆ ಇದೆ: ಪಂಕಜ್ ಆಡ್ವಾಣಿ. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ್ ಸವೂರ್ ಅವರ ಗರಡಿಯಲ್ಲಿ ಬೆಳೆದವರು. 2003ರಲ್ಲಿ, ಇನ್ನೂ ಹದಿನೆಂಟರ ವಯಸ್ಸಿನಲ್ಲಿ, ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ ಸೇರಿ 2024ರ ಹೊತ್ತಿಗೆ ಅವರ ಹೆಸರಲ್ಲಿ 28 ವಿಶ್ವ ಪ್ರಶಸ್ತಿಗಳಿದ್ದವು.

ಆ 28ರಲ್ಲಿ ಪ್ರೊಫೆಷನಲ್ ಸ್ನೂಕರ್ ರ‍್ಯಾಂಕಿಂಗ್‌ಗೆ ಸೇರೋದು ಎಷ್ಟು? ಒಂದೂ ಇಲ್ಲ. ಅವೆಲ್ಲ ಬೇರೆ ಸಂಸ್ಥೆಯ, ಬೇರೆ ಲೆಕ್ಕದ ಟೂರ್ನಿಗಳು. 2012ರಲ್ಲಿ ಆಡ್ವಾಣಿ ಪ್ರೊಫೆಷನಲ್ ಟೂರ್‌ಗೆ ಸೇರಿದಾಗ ಅವರೂ ಎಲ್ಲ ಹೊಸಬರ ಹಾಗೆ ಕೆಳಗಿನಿಂದಲೇ ಶುರು ಮಾಡಬೇಕಾಯ್ತು. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿ ಅಲ್ಲೂ ಆಡಬಲ್ಲೆ ಅಂತ ತೋರಿಸಿದ್ರು. ಎರಡು ಸೀಸನ್ ಆದ ಮೇಲೆ 2014ರಲ್ಲಿ ಕಾರ್ಡ್ ಬಿಟ್ಟುಕೊಟ್ಟು ಬಿಲಿಯರ್ಡ್ಸ್ ಕಡೆಗೆ, ಊರ ಕಡೆಗೆ ವಾಪಸ್ ಬಂದರು. ಪಟ್ಟಿಯಿಂದ ಹೆಸರು ಹೋಯ್ತು. ಅವರ ಕೈಯಲ್ಲಿದ್ದ ಆಟ ಎಲ್ಲೂ ಹೋಗಲಿಲ್ಲ. 2015 ಮತ್ತು 2017ರಲ್ಲಿ ಮತ್ತೆ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು.

ಇನ್ನೊಂದು ಹೆಸರು ಆದಿತ್ಯ ಮೆಹ್ತಾ. 2013ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಮೊದಲ ಇಂಡಿಯನ್ ಓಪನ್ ನಡೀತು. ಅದು ಭಾರತದಲ್ಲಿ ನಡೆದ ರ‍್ಯಾಂಕಿಂಗ್ ಟೂರ್ನಿ. ಮೆಹ್ತಾ ಅದರಲ್ಲಿ ಫೈನಲ್ ತಲುಪಿದ್ರು, ರ‍್ಯಾಂಕಿಂಗ್ ಟೂರ್ನಿಯ ಫೈನಲ್ ಆಡಿದ ಮೊದಲ ಭಾರತೀಯ. ಅಲ್ಲಿ ಚೀನಾದ ಡಿಂಗ್ ಜುನ್‌ಹುಯ್ ಎದುರು 0–5ರಿಂದ ಸೋತರು. ಡಿಂಗ್ ಆ ಸೀಸನ್‌ನಲ್ಲಿ ಐದು ರ‍್ಯಾಂಕಿಂಗ್ ಟೂರ್ನಿ ಗೆದ್ದ ಆಟಗಾರ. ಇಂಡಿಯನ್ ಓಪನ್ ಆಮೇಲೆ ಮುಂಬೈ, ಹೈದರಾಬಾದ್ ಸುತ್ತಿ 2017ರಲ್ಲಿ ವಿಶಾಖಪಟ್ಟಣದಲ್ಲಿ ನಡೀತು.

ಇಲ್ಲಿ ಚೀನಾದ ಜೊತೆ ಹೋಲಿಕೆ ಮಾಡದೆ ಇರೋಕಾಗಲ್ಲ. 2016ರಲ್ಲಿ ಡಿಂಗ್ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸೋತಾಗ ಅಷ್ಟು ದೂರ ಹೋಗಿದ್ದ ಮೊದಲ ಏಷ್ಯನ್ ಅವನು. 2025ರಲ್ಲಿ ಕ್ರೂಸಿಬಲ್‌ನ 32 ಜನರಲ್ಲಿ 10 ಜನ ಚೀನಾದವರು. ಮನೆ ಹತ್ತಿರಾನೇ ವರ್ಷಕ್ಕೆ ಹಲವು ರ‍್ಯಾಂಕಿಂಗ್ ಟೂರ್ನಿ ನಡೆದ್ರೆ ಹುಡುಗರಿಗೆ ಆ ಪಟ್ಟಿಯ ಬಾಗಿಲು ಹತ್ತಿರ ಕಾಣುತ್ತೆ. ಆಟ ಹುಟ್ಟಿದ ದೇಶದಲ್ಲಿ ಆ ಬಾಗಿಲು ಸ್ವಲ್ಪ ಕಾಲ ತೆರೆದು ಮುಚ್ಚಿತು.

ಹಾಗಾದ್ರೆ ಪಟ್ಟಿ ತಪ್ಪಾ?

ನನ್ನ ಪ್ರಕಾರ ತಪ್ಪಲ್ಲ. ಅದು ಅಳೆಯೋದೇ ಬೇರೆ, ನಾವು ಅದರಲ್ಲಿ ಹುಡುಕೋದೇ ಬೇರೆ.

ಯಾವ ಅಳತೆಯಲ್ಲೂ ಡಿಸೈನ್ ಮಾಡುವವರು ಮೂರು ವಿಷಯ ನಿರ್ಧಾರ ಮಾಡಲೇಬೇಕು. ಯಾವುದನ್ನ ಲೆಕ್ಕಕ್ಕೆ ತಗೋಬೇಕು? ಯಾವುದಕ್ಕೆ ಎಷ್ಟು ತೂಕ? ಎಷ್ಟು ದಿನ ನೆನಪಿಡಬೇಕು? ಸ್ನೂಕರ್ ಪಟ್ಟಿಯ ಉತ್ತರ: ನಮ್ಮ ಟೂರ್ನಿ ಮಾತ್ರ, ದುಡ್ಡಿನಷ್ಟು ತೂಕ, ಎರಡು ವರ್ಷ. ಕಿಟಕಿಯನ್ನ ಒಂದು ವರ್ಷಕ್ಕೆ ಇಳಿಸಿದ್ರೆ ಇವತ್ತಿನ ಫಾರ್ಮ್ ಚೆನ್ನಾಗಿ ಕಾಣುತ್ತೆ, ಆದ್ರೆ ಮೂರು ತಿಂಗಳು ಗಾಯ ಆದವನು ಮುಳುಗಿಹೋಗ್ತಾನೆ. ಐದು ವರ್ಷಕ್ಕೆ ಏರಿಸಿದ್ರೆ ಹಳೇ ಹೆಸರುಗಳು ಮೇಲೆ ಕೂತಿರ್ತಾವೆ, ಹೊಸಬರಿಗೆ ಜಾಗ ಇರಲ್ಲ. ಮೊತ್ತದ ಬದಲು ಸರಾಸರಿ ತಗೊಂಡ್ರೆ ಒಂದು ಟೂರ್ನಿ ಗೆದ್ದವನು ಬೇರೆ ಕಡೆ ಆಡೋದೇ ನಿಲ್ಲಿಸ್ತಾನೆ, ಟೂರ್ ನಡೆಸೋರಿಗೆ ಅದು ಬೇಡ. ಹೀಗೆ ಪ್ರತಿ ಆಯ್ಕೆಗೂ ಬೆಲೆ ಇದೆ, ಮತ್ತೆ ಪ್ರತಿ ಸಲ ಆ ಬೆಲೆ ಕಟ್ಟೋನು ಯಾರೋ ಒಬ್ಬ ಆಟಗಾರ.

ನಮ್ಮ ಸಿಜಿಪಿಎಗೂ ಇದೇ ಮೂರು ಪ್ರಶ್ನೆ ಕೇಳಬಹುದು. ಅದು ಪರೀಕ್ಷೆಯನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೆ, ಕ್ರೆಡಿಟ್‌ನಷ್ಟು ತೂಕ ಕೊಡುತ್ತೆ, ಏನನ್ನೂ ಮರೆಯಲ್ಲ. ಪ್ಲೇಸ್‌ಮೆಂಟ್‌ಗೆ ಬಂದ ಕಂಪನಿ ಇಷ್ಟಕ್ಕಿಂತ ಕಮ್ಮಿ ಇದ್ದವರು ಬರೋದೇ ಬೇಡ ಅಂದ್ರೆ, ಅದು ನಂಬರ್ 16ರ ಗೆರೆ. ಗೆರೆಯ ಆಚೆ ಇರೋನು ಕೆಟ್ಟ ಎಂಜಿನಿಯರ್ ಅಂತ ಅದರ ಅರ್ಥ ಅಲ್ಲ. ಆದ್ರೆ ಅವನು ಇನ್ನೂ 40 ಫ್ರೇಮ್ ಜಾಸ್ತಿ ಗೆಲ್ಲಬೇಕು ಅನ್ನೋದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಕೊಳ್ಳೋದು ಕಷ್ಟ, ಆದ್ರೆ ಇಟ್ಕೊಳ್ಳಬೇಕು. ಸ್ನೂಕರ್‌ನಲ್ಲಿ ಒಂದು ಒಳ್ಳೇದು ಏನಂದ್ರೆ ಗೆರೆಯ ಆಚೆ ಇರೋರಿಗೂ ಅರ್ಹತಾ ಸುತ್ತು ಅನ್ನೋ ಒಂದು ಬಾಗಿಲನ್ನ ತೆರೆದಿಟ್ಟಿದ್ದಾರೆ. ಅದು ಇರದಿದ್ರೆ 2025ರ ಚಾಂಪಿಯನ್ ಬೇರೆ ಯಾರೋ ಆಗಿರ್ತಿದ್ದ, ಪಟ್ಟಿ ಸರಿಯಾಗೇ ಇತ್ತು ಅಂತ ನಾವೆಲ್ಲ ನಂಬಿರ್ತಿದ್ವಿ.

ಮುಂದಿನ ಸಲ ಸ್ನೂಕರ್ ಫಲಿತಾಂಶ ಕಣ್ಣಿಗೆ ಬಿದ್ರೆ ಯಾರು ಗೆದ್ದರು ಅಂತ ನೋಡಿ ಮುಚ್ಚಬೇಡಿ. ಅದು ರ‍್ಯಾಂಕಿಂಗ್ ಟೂರ್ನಿನಾ ಅಂತ ನೋಡಿ. 16 ಮತ್ತು 64ರ ಗೆರೆಯ ಹತ್ತಿರ ಯಾರಿದ್ದಾರೆ ಅಂತ ನೋಡಿ. ಎರಡು ವರ್ಷದ ಹಿಂದಿನ ಯಾವ ದುಡ್ಡು ಇವತ್ತು ಕಳಚ್ತಿದೆ ಅಂತ ನೋಡಿ. ಝಾವೊನ ಆ 5 ಲಕ್ಷಕ್ಕೂ ಇದೇ ನಿಯಮ. 2027ರ ವಿಶ್ವ ಚಾಂಪಿಯನ್‌ಶಿಪ್ ಮುಗಿದ ದಿನ ಅದು ಅವನ ಖಾತೆಯಿಂದ ಹೊರಗೆ ಹೋಗುತ್ತೆ, ಅಷ್ಟರೊಳಗೆ ಅವನು ಬೇರೆ ಏನು ಗಳಿಸಿರ್ತಾನೋ ಅದು ಮಾತ್ರ ಉಳಿಯುತ್ತೆ.